ನಾರಾಯಣಮ್ಮನ ಕೈಯಲ್ಲಿ ದೋಷವಿಲ್ಲ

ಕತ್ತಲು ಇನ್ನೂ ಪೂರ್ತಿ ಕಳೆದಿಲ್ಲ. ಕ್ಯಾಸಂಬಳ್ಳಿ ರಸ್ತೆಯ ಪಕ್ಕದ ಬಾವಿಯ ಬಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಮ್ಮಾಜಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ಮೆಣಸಿನ ಪೈರಿನ ಮಡಿಗಳು. ಈ ಕಡೆಯವರು ಇದನ್ನು ಒಟ್ಲು ಅನ್ನುತ್ತಾರೆ. ಬೀಜ ಬಿತ್ತಿ, ಗೇಣುದ್ದ ಬೆಳೆಸಿ, ಕಿತ್ತು ಹೊಲಕ್ಕೆ ಕೊಡುವ ಜಾಗ. ಅಮ್ಮಾಜಮ್ಮ ಒಂದು ಸಸಿಯ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತಾರೆ, ಬಿಡುತ್ತಾರೆ, ಪಕ್ಕದ್ದನ್ನು ಒತ್ತುತ್ತಾರೆ. ಊರಿಗಾಂ ಕಡೆಯಿಂದ ಚಿನ್ನದ ಗಣಿಯ ಸೈರನ್ ಕೂಗು ಕೇಳಿಸುತ್ತದೆ. ಬಾವಿಯಲ್ಲಿ ನೀರಿದೆ, ನೀರೆತ್ತುವ ಕಪಿಲೆಯ ಎತ್ತುಗಳು ಹುಣಸೆಮರದಡಿ ಮೆಲುಕು ಹಾಕುತ್ತಿವೆ. ಆದರೆ ಈ ಮಡಿಗಳಿಗೆ ಇವತ್ತು ನೀರಿಲ್ಲ, ನಾಳೆಯೂ ಇಲ್ಲ.

ಕೇಳಿದವರಿಗೆ ವಿಚಿತ್ರ ಅನ್ನಿಸೀತು. ಅಮ್ಮಾಜಮ್ಮನ ಕೆಲಸದಲ್ಲಿ ಅರ್ಧ ನೀರು ಹಾಯಿಸುವುದು, ಇನ್ನರ್ಧ ನೀರು ಹಾಯಿಸದೆ ಸುಮ್ಮನಿರುವುದು. ಎರಡನೆಯದೇ ಕಷ್ಟದ್ದು.

“ಇಲ್ಲಿ ನೆಳ್ಳಲ್ಲಿ, ನೀರಲ್ಲಿ ಸುಖವಾಗಿ ಬೆಳ್ದಿರ್ತದೆ ಸ್ವಾಮಿ. ಅಂಗೇ ಕಿತ್ಕೊಂಡೋಗಿ ಬೆದ್ದಲು ಒಲದಲ್ಲಿ ಇಟ್ರೆ ಮೊದಲ್ನೇ ಬಿಸ್ಲಿಗೇ ಮಲಗ್ಬಿಡ್ತದೆ. ಅದಕ್ಕೇ ಕೀಳೋಕೆ ಮುಂಚೆ ಪಳಗಿಸ್ಬೇಕು. ಮೊದ್ಲು ಮೇಲಿನ ಚಪ್ಪರ ತೆಗೀಬೇಕು. ಆಮೇಲೆ ನೀರು ಕಮ್ಮಿ ಮಾಡ್ತಾ ಮಾಡ್ತಾ ನಿಲ್ಲಿಸ್ಬಿಡ್ಬೇಕು. ಬೇರು ನೀರು ಎಲ್ಲೈತೆ ಅಂತ ಉಡುಕ್ಕೊಂಡು ಕೆಳಕ್ಕೆ ಓಗ್ತದೆ,” ಅನ್ನುತ್ತಾರೆ.

ಪಳಗಿದ ಪೈರು ನೋಡುವುದಕ್ಕೆ ಏನೂ ಚಂದವಿಲ್ಲ ಬಿಡಿ. ಎಲೆ ಸಣ್ಣದಾಗಿ, ದಪ್ಪವಾಗಿ, ಮಿಂಚು ಕಳೆದುಕೊಂಡು ಮಂಕಾಗುತ್ತದೆ. ಕಾಂಡಕ್ಕೆ ನೇರಳೆ ಬಣ್ಣ ತಿರುಗಿ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಇಳಿಬಿಟ್ಟುಕೊಂಡು ನಿಂತುಬಿಡುತ್ತದೆ. ಒಳಗಿರುವ ನಾಲ್ಕು ಹನಿ ನೀರು ಆವಿಯಾಗಿ ಹೋಗದಂತೆ ಉಳಿಸಿಕೊಳ್ಳುವುದು ಅದರ ಉಪಾಯ. ತಂಪು ಬಿದ್ದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ದಾರಿಹೋಕರು ನೋಡುವುದು ಮಧ್ಯಾಹ್ನದ ಹೊತ್ತಿನಲ್ಲೇ ತಾನೆ! “ಬಾವಿ ಇಟ್ಕೊಂಡು ಪೈರಿಗೆ ತೊಟ್ಟು ನೀರು ಬಿಡಲ್ವಲ್ಲಮ್ಮ, ನಿನ್ ಎದೆ ಏನು ಕಲ್ಲಾ?” ಎಂದು ಗಾಡಿಯ ಮೇಲಿಂದಲೇ ಕೇಳಿಕೊಂಡು ಹೋಗುತ್ತಾರೆ. ಅಮ್ಮಾಜಮ್ಮ ನಕ್ಕು ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು. ಒಳಗೊಳಗೇ ಆ ಮಾತು ಚುಚ್ಚುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯಿಂದ ಕಲಿತ ಕೆಲಸ ಇದು. ಅತ್ತೆ ಹೋದ ಮೇಲೆ ಒಟ್ಲು ಇವರ ಪಾಲಿಗೆ ಬಂತು. ಗಂಡ ಸೊಣ್ಣಪ್ಪ ಕಪಿಲೆ ಹೊಡೆಯುತ್ತಾರೆ, ಮಡಿಯ ವಿಚಾರಕ್ಕೆ ತಲೆ ಹಾಕುವುದಿಲ್ಲ. ಸುತ್ತಲ ಹಳ್ಳಿಗಳ ಹೆಂಗಸರು ತಮ್ಮ ತಮ್ಮ ಮನೆಯ ಮೆಣಸಿನ ಬೀಜವನ್ನು ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಕೊಡುತ್ತಾರೆ. ಮನೆಗೊಂದು ಮಡಿ. ಯಾರ ಮಡಿ ಯಾವುದು ಎಂದು ತಿಳಿಯಲು ಮಡಿಯ ತುದಿಯಲ್ಲಿ ಹೊಂಗೆಯದೋ, ಬೇವಿನದೋ, ಲಕ್ಕಿಯದೋ ಒಂದು ಕಡ್ಡಿ ಚುಚ್ಚಿರುತ್ತಾರೆ. ಕೂಲಿಯ ಬದಲು ಪ್ರತಿ ಬೀಜದಲ್ಲೂ ಒಂದು ಹಿಡಿ ಅಮ್ಮಾಜಮ್ಮನ ಪಾಲು. ಆ ಪಾಲನ್ನು ಅವರು ಕಾಲುವೆಯ ಕೊನೆಯ ಮೂಲೆಯಲ್ಲಿ ಬಿತ್ತಿಕೊಳ್ಳುತ್ತಾರೆ. ಒಳ್ಳೆಯ ಜಾಗವೆಲ್ಲ ಬೀಜ ತಂದವರಿಗೆ.

ಬೇಸಿಗೆ ತುಂಬಾ ಇದೇ ಗೆಯ್ಮೆ. ಕಳೆ ಕೀಳಬೇಕು, ಚಪ್ಪರದ ಗರಿ ಸರಿಸಬೇಕು. ಗಣಿ ಕಡೆಯ ಗಾಳಿ ಎದ್ದ ದಿನ ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಬಂದು ಎಲೆಯ ಮೇಲೆ ಕೂರುತ್ತದೆ. ಆವತ್ತು ಲಕ್ಕಿ ಸೊಪ್ಪಿನ ಕಟ್ಟು ಹಿಡಿದು ಮಡಿ ಮಡಿಗೂ ಮೆಲ್ಲಗೆ ಸವರಿಕೊಂಡು ಬರುತ್ತಾರೆ. “ಧೂಳು ಕೂತ್ರೆ ಗಿಡಕ್ಕೆ ಉಸುರು ಕಟ್ತದೆ,” ಎನ್ನುವುದು ಅವರ ಮಾತು. ಇಷ್ಟೆಲ್ಲ ಮಾಡುವಾಕೆಯನ್ನು ಪತ್ರಿಕೆಯಲ್ಲಿ ಪರಿಚಯಿಸಬೇಕೆಂದು ನಾವು ಹೊರಟದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಆ ಉದ್ದೇಶದಿಂದಲೇ ಅನಾಹುತ ಶುರುವಾಯಿತು.

ಹೋದ ತಿಂಗಳು ರಾಬರ್ಟ್‌ಸನ್‌ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಪೆರುಮಾಳ್, ಪತ್ರಿಕೆಗಾಗಿ ಫೋಟೋ ತೆಗೆಯಲು ಸೈಕಲ್ಲಿನಲ್ಲಿ ಬಂದಿದ್ದರು. ಬಂದದ್ದು ನಡುಮಧ್ಯಾಹ್ನ. ಪೈರೆಲ್ಲ ಎಲೆ ಇಳಿಬಿಟ್ಟುಕೊಂಡು ನಿಂತಿತ್ತು.

“ಏನಮ್ಮಾ ಇದು, ಎಲ್ಲಾ ವಾಡಿಪೋಚ್ಚೇ, ಬಾಡೋಗದೆ! ಫೋಟೋದಲ್ಲಿ ಸತ್ತೋದಂಗೆ ಕಾಣ್ತದೆ. ಮುಂದಿನ ವಾರ ಬರ್ತೀನಿ, ಕೊಂಜಂ ಜೋರಾಗಿ ಇರ್ಲಿ ಅಮ್ಮಾ,” ಅಂದರು.

ಪೆರುಮಾಳ್ ಬಾಯಿಮಾತಿಗೆ ಅಂದು ಸೈಕಲ್ ಹತ್ತಿದರು. ಅಮ್ಮಾಜಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಗಾಡಿಯವರ ಮಾತು ರಸ್ತೆಯಲ್ಲೇ ಉಳಿಯುತ್ತದೆ. ಪೇಪರಿನಲ್ಲಿ ಬಂದರೆ ಊರೂರೇ ನೋಡುತ್ತದಲ್ಲ! ಸಾಯಂಕಾಲ ಗಂಡನಿಗೆ ಕಪಿಲೆ ಕಟ್ಟು ಅಂದರು. ಸೊಣ್ಣಪ್ಪ, “ನಿಲ್ಸಿದ್ದ ನೀರು ಮತ್ಯಾಕೆ?” ಎಂದು ಕೇಳಿದರೆ, “ಏಳಿದಷ್ಟು ಮಾಡು,” ಎಂದು ಗದರಿಕೊಂಡರು. ರಸ್ತೆ ಕಡೆಯ ಮಡಿಗಳಿಗೆ ದಿನವೂ ನೀರು ಹರಿಯಿತು. ಮೂಲೆಯಲ್ಲಿದ್ದ ತಮ್ಮ ಪಾಲಿನ ಪೈರಿಗೆ ಕಾಲುವೆ ಬಿಡಲಿಲ್ಲ. ಅದು ಫೋಟೋ ತೆಗೆಯುವವನ ಬೆನ್ನ ಹಿಂದೆ ಬರುತ್ತದೆ, ಕಾಣುವುದಿಲ್ಲ. ಪೈರು ಅನ್ನುವುದು ಅಲ್ಪ ಜೀವ, ನೀರು ಕಂಡ ಕೂಡಲೇ ಹಿಗ್ಗಿತು. ಎಲೆ ಅಗಲವಾಯಿತು, ಕಾಂಡ ನೀಳವಾಗಿ ನೀರು ತುಂಬಿಕೊಂಡಿತು, ಕೆಳಗೆ ಇಳಿಯುತ್ತಿದ್ದ ಬೇರು ಮೇಲೆಯೇ ಹರಡಿಕೊಂಡು ಕೂತಿತು. ಪೆರುಮಾಳ್ ಬಂದು, “ಕೊಂಜಂ ಸಿರಿಮ್ಮಾ, ಸ್ವಲ್ಪ ನಗಮ್ಮಾ,” ಎಂದು ಫೋಟೋ ಹೊಡೆದುಕೊಂಡು ಹೋದರು. ಕಪ್ಪು ಬಿಳುಪಿನ ಫೋಟೋ ಅದು. ಅದರಲ್ಲಿ ಹಸಿರು ಬರುವುದೇ ಇಲ್ಲ ಅನ್ನುವುದು ಅಮ್ಮಾಜಮ್ಮನಿಗೆ ಗೊತ್ತಿರಲಿಲ್ಲ.

ಆ ರಾತ್ರಿಯೇ ಹದವಾದ ಮಳೆ ಬಿತ್ತು. ಬೆಳಗಾಗುತ್ತಲೇ ಬುಟ್ಟಿ ಹಿಡಿದು ನಾರಾಯಣಮ್ಮ ಬಂದಳು. ಪಕ್ಕದ ಹಳ್ಳಿಯ ಸೊಸೆ, ಬಂಗಾರಪೇಟೆ ಕಡೆಯ ಹುಡುಗಿ. ಗಂಡ ಊರಿಗಾಂ ಗಣಿಯಲ್ಲಿ ಒಳಗೆ ಇಳಿಯುತ್ತಾನೆ, ಹೊಲ ನೋಡುವವಳು ಇವಳೇ. ಈ ಸಲ ತವರಿನಿಂದ ಮೆಣಸಿನ ಬೀಜ ತಂದು, ರಸ್ತೆ ಕಡೆಯ ಮಡಿಯಲ್ಲಿ ಹಾಕಿಸಿ, ಅತ್ತೆಯನ್ನು ಕಾಡಿಬೇಡಿ, ಮೊದಲ ಬಾರಿಗೆ ತಾನೇ ನಾಟಿ ಮಾಡಲು ಹೊರಟಿದ್ದಳು. “ಎಷ್ಟು ಚೆಂದಾಗವೆ ಅಮ್ಮಾಜಕ್ಕ!” ಎಂದು ಪೈರನ್ನು ಕೆನ್ನೆಗೆ ಒತ್ತಿಕೊಂಡಳು.

“ಇನ್ನೊಂದು ವಾರ ತಡ್ಕೊಳಮ್ಮ ಅಂತ ಏಳ್ಬೇಕಾಗಿತ್ತು. ಏಳಿದ್ರೆ ಯಾಕೆ ಅಂತ ಕೇಳ್ತಾಳಲ್ಲ. ಫೋಟೋಕ್ಕೆ ನೀರು ಬಿಟ್ಟೆ ಅಂತ ಎಂಗೆ ಏಳ್ಲಿ? ನಾಚ್ಕೆ ಆಯ್ತು. ಕಿತ್ತು ಕೊಟ್ಬಿಟ್ಟೆ. ಮಿಕ್ಕ ಮಡಿಗಳಿಗೆ ಅವತ್ತೇ ನೀರು ನಿಲ್ಲಿಸ್ದೆ,” ಅನ್ನುವಾಗ ಅಮ್ಮಾಜಮ್ಮ ಎದುರಿಗಿರುವವರ ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ.

ಮಳೆ ಒಂದೇ ರಾತ್ರಿಗೆ ಮುಗಿದು, ಮೋಡ ಚದುರಿ, ಬಿಸಿಗಾಳಿ ಎದ್ದಿತು. ನಾರಾಯಣಮ್ಮ ಗಿಡಕ್ಕೊಂದು ಚೊಂಬು ನೀರು ಹೊತ್ತು ಹಾಕಿದರೂ ಪೈರು ನಿಲ್ಲಲಿಲ್ಲ. ಸಾಲಿಗೆ ಸಾಲೇ ಬೇಯಿಸಿದ ಸೊಪ್ಪಿನಂತೆ ನೆಲಕ್ಕೆ ಅಂಟಿಕೊಂಡಿತು. ಹೊಲದ ನಷ್ಟ ಒಂದು ಕಡೆ ಇರಲಿ. ತಿಂಗಳ ಮೂರು ದಿನ ಹೊರಗೆ ಕೂರಬೇಕಾದ ಹೆಂಗಸು ಮೆಣಸಿನ ಗಿಡದ ಹತ್ತಿರ ಸುಳಿದರೆ ಗಿಡ ಸುಟ್ಟುಹೋಗುತ್ತದೆ ಎನ್ನುವುದು ಇಲ್ಲಿನ ನಂಬಿಕೆ. ಅತ್ತೆ ವೆಂಕಟರತ್ನಮ್ಮ ಹೊಲದ ಬದುವಿನ ಮೇಲೆ ನಿಂತು ತೀರ್ಪು ಕೊಟ್ಟೇಬಿಟ್ಟರು: ಸೊಸೆ ಹೊರಗಾದದ್ದನ್ನು ಮುಚ್ಚಿಟ್ಟು ನಾಟಿಗೆ ಇಳಿದಿದ್ದಾಳೆ. ಮಾತು ಬಾವಿಕಟ್ಟೆಗೆ ಬಂತು, ಹಾಲಿನವರ ಬಾಯಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಯಿತು, ಬಂಗಾರಪೇಟೆ ಸಂತೆಯಿಂದ ನಾರಾಯಣಮ್ಮನ ತವರನ್ನೂ ಮುಟ್ಟಿತು. ಹೊಲಕ್ಕೆ ಕಾಲಿಡಕೂಡದು, ಬೀಜ ಮುಟ್ಟಕೂಡದು ಎಂದಾಯಿತು. ಕೊನೆಗೆ ತವರಿಗೇ ಕಳಿಸಿಬಿಡುವ ಮಾತೂ ಬಂತು.

ಅಮ್ಮಾಜಮ್ಮನ ಕಿವಿಗೆ ಇದೆಲ್ಲ ಬಿದ್ದಿತ್ತು. ಒಂದು ಮುಸ್ಸಂಜೆ ಯಾರೂ ಕಾಣದಂತೆ ಆ ಹೊಲಕ್ಕೆ ಹೋಗಿ ಒಂದು ಸತ್ತ ಸಸಿ ಕಿತ್ತು ನೋಡಿದರು. ಬೇರು ದಾರದ ತುಂಡಿನ ಹಾಗೆ ಮೇಲೆಯೇ ಸುತ್ತಿಕೊಂಡಿತ್ತು, ಒಂದು ಎಳೆಯೂ ಕೆಳಗೆ ಇಳಿದಿರಲಿಲ್ಲ. ಇನ್ನು ಅನುಮಾನವೆಲ್ಲಿ ಬಂತು! ಆದರೂ ಬಾಯಿ ಬಿಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದರು. ನಾರಾಯಣಮ್ಮ ಎದುರಿಗೆ ಬರುವುದು ಕಂಡರೆ ಬೇರೆ ದಾರಿ ಹಿಡಿದರು. “ಇಂಥಾ ಎಂಗಸು ನಾನು ಅಂತ ನಂಗೇ ಗೊತ್ತಿರ್ಲಿಲ್ಲ,” ಅನ್ನುತ್ತಾರೆ.

ಕೊನೆಗೆ ನಾರಾಯಣಮ್ಮನೇ ಒಟ್ಲಿಗೆ ಬಂದಳು. ಬೈಯುವುದಕ್ಕೆ ಬಂದಳು ಅಂದುಕೊಂಡು ಅಮ್ಮಾಜಮ್ಮ ಎದ್ದು ನಿಂತರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

“ಅಕ್ಕಾ, ಒಂದ್ ಮಾತು ಕೇಳ್ತೀನಿ, ನಿಜ ಏಳು. ನಾನು ಒರಗಾಗಿರ್ಲಿಲ್ಲ. ನಮ್ಮಪ್ಪನ ಆಣೆ. ಆದ್ರೂ ನನ್ ಕೈಯಲ್ಲೇ ಏನೋ ಕೆಟ್ಟದ್ದು ಇರ್ಬೋದಾ? ಎಲ್ರೂ ಅಂತಾವ್ರೆ. ನಂಗೂ ಅಂಗೇ ಅನ್ನಿಸ್ತಾ ಐತೆ,” ಎಂದು ಎರಡೂ ಅಂಗೈ ಮುಂದೆ ಹಿಡಿದಳು.

ಆ ಅಂಗೈಗಳನ್ನು ಅಮ್ಮಾಜಮ್ಮ ಹಿಡಿದುಕೊಂಡರು. ಅಲ್ಲೇ, ಮಡಿಯ ಬದುವಿನ ಮೇಲೆ, ಅಳುತ್ತಾ ಎಲ್ಲವನ್ನೂ ಹೇಳಿದರು. ಫೋಟೋದ ವಿಚಾರ, ನೀರಿನ ವಿಚಾರ, ಮುಸ್ಸಂಜೆ ಬೇರು ನೋಡಿದ ವಿಚಾರ. ನಾರಾಯಣಮ್ಮ ಕೈ ಬಿಡಿಸಿಕೊಂಡಳು. ಆಮೇಲೆ, “ಇಷ್ಟು ದಿನ ಗೊತ್ತಿದ್ದೂ ಸುಮ್ಕಿದ್ಯಾ?” ಎಂದಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಆ ಹಳ್ಳಿಯ ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಸೇರಿದ್ದಾಗ ಅಮ್ಮಾಜಮ್ಮ ಹೋಗಿ ನಿಂತರು. “ಎಲ್ರೂ ಕೇಳ್ರಮ್ಮ. ಈ ಉಡುಗಿ ಪೈರು ಸಾಯಿಸಿದ್ದು ನಾನು. ಚೆಂದ ಕಾಣ್ಲಿ ಅಂತ ನೀರು ಕುಡ್ಸಿ ಕೆಡ್ಸಿ ಕೊಟ್ಟೆ. ಇವಳ್ದೇನೂ ತಪ್ಪಿಲ್ಲ.”

ವೆಂಕಟರತ್ನಮ್ಮ ಕೊಡ ಕೆಳಗಿಟ್ಟು ನಕ್ಕುಬಿಟ್ಟರು. “ನೀರು ಉಯ್ದಿದ್ದಕ್ಕೆ ಸತ್ತೋಯ್ತಾ? ಎಲ್ಲಾದ್ರೂ ಉಂಟಾ? ನನ್ ಸೊಸೇನ ಉಳ್ಸೋಕೆ ಕತೆ ಕಟ್ತೀಯಾ ನೀನು!”

“ನನ್ ಪಾಲಿನ ಪೈರು ಮೂಲೇಲೈತೆ. ಇವ್ಳ ಬೀಜದ್ದೇ, ನೀರು ಕಾಣ್ದೆ ಒಣಕ್ಕೊಂಡು ನಿಂತದೆ. ಅದನ್ನ ಕೊಡ್ತೀನಿ. ಇವ್ಳೇ ನೆಡ್ಲಿ, ಇವ್ಳ ಕೈಯಾಗೇ ನೆಡ್ಲಿ. ನೀನು ಬದುವಿನ ಮ್ಯಾಲೆ ನಿಂತ್ಕೊಂಡು ನೋಡಕ್ಕಾ.”

ಊರಿನ ಮುಂದೆ ಬಂದ ಮಾತು, ವೆಂಕಟರತ್ನಮ್ಮ ಬೇಡ ಅನ್ನುವ ಹಾಗಿರಲಿಲ್ಲ. ಆ ಸಂಜೆ ನಾರಾಯಣಮ್ಮ ನೆಟ್ಟಳು. ಮಾರನೆಯ ಮಧ್ಯಾಹ್ನ ಪೈರೆಲ್ಲ ಎಲೆ ಇಳಿಬಿಟ್ಟಾಗ, “ಮೊದ್ಲೇ ಏಳ್ಲಿಲ್ವಾ ನಾನು?” ಎಂದು ಅತ್ತೆ ಅಂದರೆ, ಅಮ್ಮಾಜಮ್ಮನಿಗೂ ಧೈರ್ಯ ಸಾಲಲಿಲ್ಲ. ನಾಟಿಯಾದ ಪೈರು ಅದು, ಏನು ಗ್ಯಾರಂಟಿ? ಆದರೆ ಅದರ ಮಾರನೆಯ ಬೆಳಗ್ಗೆ ಮೂರೂ ಜನ ಹೋಗಿ ನೋಡಿದಾಗ ಪೈರು ನೆಟ್ಟಗೆ ನಿಂತಿತ್ತು. ಈಗ ಹೊಸ ಚಿಗುರು ಒಡೆದಿದೆ. ಹೊಲದ ಒಂದು ತುದಿಗೆ ಮಾತ್ರ ಸಾಕಾಯಿತು, ಉಳಿದ ಜಾಗಕ್ಕೆ ಹುರುಳಿ ಚೆಲ್ಲಿದ್ದಾರೆ. ವೆಂಕಟರತ್ನಮ್ಮ ತಪ್ಪಾಯಿತು ಅನ್ನಲಿಲ್ಲ. ಅಂಥ ಮಾತು ಅವರ ಬಾಯಲ್ಲಿ ಬರುವುದೂ ಇಲ್ಲ. ಹುರುಳಿ ಬೀಜದ ಮೊರವನ್ನು ಮಾತ್ರ ಸೊಸೆಯ ಕೈಗೇ ಕೊಟ್ಟರು.

ಲೇಖನ ಮುಗಿಸುವ ಮೊದಲು ಅಮ್ಮಾಜಮ್ಮನಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮಡಿಯಲ್ಲಿದ್ದ ಕಳೆ ಕೀಳುತ್ತಲೇ, ಇಲ್ಲಿನವರಿಗೆ ನಿಜ ಗೊತ್ತಾಯಿತು, ಆದರೆ ಸಂತೆಯಲ್ಲಿ ಕೇಳಿಸಿಕೊಂಡವರಿಗೆ ಯಾರು ಹೇಳುತ್ತಾರೆ ಅನ್ನುತ್ತಾರೆ. ನಾರಾಯಣಮ್ಮನ ಅಪ್ಪ ಇನ್ನೂ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದಾರಂತೆ. ಅವರ ಊರಿನ ಟೀ ಅಂಗಡಿಗೆ ಪೇಪರು ಬರುತ್ತದೆ, ಒಬ್ಬರು ಓದಿದರೆ ಹತ್ತು ಜನ ಕೇಳುತ್ತಾರೆ.

“ನಾರಾಯಣಮ್ಮನ ಕೈಯಾಗೆ ದೋಷ ಇಲ್ಲ, ಪೈರು ಕೆಡ್ಸಿದ್ದು ಅಮ್ಮಾಜಮ್ಮ. ಮೊದ್ಲು ಅದನ್ನ ಬರೀರಿ ಸ್ವಾಮಿ, ದೊಡ್ಡ ಅಕ್ಷರದಾಗೆ. ಆಮೇಲೆ ಜಾಗ ಉಳುದ್ರೆ ನನ್ ಇಚಾರ ಆಕ್ಕೊಳ್ರಿ.”