ಟೇಪಿನೊಳಗಿನ ಮೇಷ್ಟ್ರು

ಪಾಡ್‌ಕಾಸ್ಟ್ ಎಂಬ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರದ ಕಾಲದಲ್ಲಿ ಪಾಠವನ್ನು ಕ್ಯಾಸೆಟ್ಟಿಗೆ ತುಂಬಿಸಿ ಮಕ್ಕಳಿಗೆ ಕೇಳಿಸಿದವನು ನಾನು. ಜಂಬ ಅಂದುಕೊಂಡರೂ ಸರಿ, ಹೇಳಿಕೊಳ್ಳುತ್ತೇನೆ. ತೊಂಬತ್ತರ ದಶಕದ ಕೊನೆ. ಆಂಧ್ರದ ಗಡಿಯಲ್ಲಿರುವ ರಾಯಲ್ಪಾಡಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಾಲೆಗೆ ಬಂದಿದ್ದ ಟೇಪ್ ರೆಕಾರ್ಡರು, ಮುಟ್ಟಿದರೆ ಕೆಟ್ಟೀತೆಂಬ ಭಯಕ್ಕೆ, ಹೆಡ್‌ಮಾಸ್ಟರ ಬೀರುವಿನಲ್ಲಿ ಬಟ್ಟೆ ಹೊದ್ದು ಮಲಗಿತ್ತು. ಕೋಲಾರದಲ್ಲಿ ಹತ್ತು ದಿನದ ತರಬೇತಿಗೆ ನನಗೆ ಕರೆ ಬಂದಾಗ, ಪಾಠ ನಿಲ್ಲಬಾರದೆಂದು ಹಟ ಹಿಡಿದು ಅದನ್ನು ಹೊರಗೆ ತೆಗೆಸಿದೆ. ನನ್ನದು ಕಂಚಿನ ಕಂಠ. ಎರಡು ಕ್ಯಾಸೆಟ್ಟು ತುಂಬಿಸಿಯೇ ಬಿಟ್ಟೆ.

ಹೊರಡುವ ಹಿಂದಿನ ದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಬಂದ. ಟೊಮೇಟೊ ಬೆಳೆಯುವವನು. ನಮ್ಮ ಮುಕ್ಕಾಲು ಮಕ್ಕಳ ಮನೆಯಂತೆ ಅವರದೂ ತೆಲುಗು ಮನೆ. ಮಗಳ ಪ್ರೋಗ್ರೆಸ್ ಕಾರ್ಡಿನಲ್ಲಿ ನಾನೇ ಬರೆದಿದ್ದೆ, 'ಪ್ರಶ್ನೆ ಕೇಳಿದರೆ ಬಾಯಿ ಬಿಡುವುದಿಲ್ಲ' ಎಂದು.

"ಇದಕ್ಕೆ ಚದುವು ಹತ್ತಲ್ಲ ಸಾರ್. ಓದು ಬಿಡಿಸ್ಬಿಡ್ತೀನಿ, ತೋಟದ ಕೆಲ್ಸಕ್ಕಾದ್ರೂ ಆಗ್ತಾಳೆ."

"ನಾನು ವಾಪಸ್ ಬರೋವರ್ಗೂ ತಡಿಯಪ್ಪ," ಎಂದೆ. ನಿಜ ಹೇಳಬೇಕೆಂದರೆ ಒಳಗೊಳಗೆ ನಾನೂ ಅವನ ಮಾತಿಗೆ ತಲೆಯಾಡಿಸಿದ್ದೆ. ಟೇಪ್ ಹಾಕುವ ಕೆಲಸವನ್ನು ಆ ಹುಡುಗಿಗೇ ಒಪ್ಪಿಸಿದೆ. ಬಾಯಿಲ್ಲದಿದ್ದರೇನು, ಬಟನ್ ಒತ್ತಲು ಬೆರಳಿದೆಯಲ್ಲ!

ತರಬೇತಿ ಮುಗಿಸಿ ಬಂದ ದಿನ, ನನ್ನ ಧ್ವನಿ ಹೇಗೆ ಬಂದಿದೆಯೋ ಕೇಳೋಣವೆಂದು, "ಹಾಕಮ್ಮ" ಎಂದೆ. ಕಂಚಿನ ಕಂಠ ಮೊಳಗಿತು: "ಒಣಹಾಕಿದ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯ್ತು?" ಟಕ್ಕನೆ ಹುಡುಗಿ ಟೇಪ್ ನಿಲ್ಲಿಸಿದಳು. ಮಕ್ಕಳು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಗುಸುಗುಸು ಮಾಡಿ, ಆಮೇಲೆ ಕೈ ಎತ್ತಿದರು.

"ದಿನಾ ಹಿಂಗೇ ಸಾರ್," ಎಂದ ಮುಂದಿನ ಸಾಲಿನವನು. "ಅವ್ಳು ನಿಲ್ಲಿಸ್ತಾಳೆ. ನಾವೆಲ್ಲ ಹೇಳಿದ್ಮೇಲೆ ಅವ್ಳೂ ಹೇಳ್ತಾಳೆ. ಆಮೇಲೆ ಟೇಪ್ ಹಾಕ್ತಾಳೆ."

"ಯಾಕಮ್ಮ ನಿಲ್ಲಿಸ್ತೀಯ?"

ಅವಳು ತಲೆ ತಗ್ಗಿಸಿದಳು. ಪಕ್ಕದವಳು ಬಾಯಿ ಹಾಕಿದಳು. "ಟೇಪಲ್ಲಾದ್ರೆ ನಿಮ್ಮನ್ನ ನಿಲ್ಲಿಸ್ಬೋದಲ್ಲ ಸಾರ್!"

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ, ಆದರೆ ಪೆಚ್ಚಾಗಿದ್ದೆ. ನಿಲ್ಲಿಸದೆ ಹಾಕಲು ಹೇಳಿ ಪೂರ್ತಿ ಕೇಳಿದೆ. ಪ್ರಶ್ನೆ ಮುಗಿಯುತ್ತಲೇ ಉತ್ತರ, ಒಂದೇ ಉಸಿರಿಗೆ. ಪ್ರತಿ ಸಲವೂ ಹಾಗೆಯೇ. ಈ ಹುಡುಗಿ ಕನ್ನಡದಲ್ಲಿ ಕೇಳಿಸಿಕೊಂಡು, ತೆಲುಗಿನಲ್ಲಿ ಯೋಚಿಸಿ, ಮತ್ತೆ ಕನ್ನಡಕ್ಕೆ ತರುವಷ್ಟರಲ್ಲಿ ನಾನು ಮುಂದಿನ ಪಾಠದಲ್ಲಿರುತ್ತಿದ್ದೆ. ಪ್ರಶ್ನೆಯನ್ನೂ ನಾನೇ ಕೇಳಿ, ಉತ್ತರವನ್ನೂ ನಾನೇ ಹೇಳಿ, ಮಗುವಿಗೆ ಬಾಯಿಲ್ಲವೆಂದು ಬರೆದುಕೊಟ್ಟಿದ್ದೆ. ತುಂಬಾ ನಾಚಿಕೆಯಾಯಿತು.

ಎರಡು ದಿನ ಬಿಟ್ಟು ಅವಳ ಅಪ್ಪ ಬಂದ. "ತಪ್ಪು ನಂದು ಕಣಪ್ಪ, ಅವಳದಲ್ಲ," ಎಂದೆ. ಅವನು ನಂಬಲಿಲ್ಲ. ಮಗಳನ್ನು ಕರೆಸಿ ಅವನೆದುರೇ ಕೇಳಿದೆ: "ಮಧ್ಯಾಹ್ನ ಬಾಡಿದ ಟೊಮೇಟೊ ಗಿಡ, ನೀರು ಕಟ್ಟದಿದ್ರೂ ಸಾಯಂಕಾಲಕ್ಕೆ ಹೆಂಗಮ್ಮ ಎದ್ದು ನಿಲ್ತದೆ?"

ಅವಳು ಸುಮ್ಮನಿದ್ದಳು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು, ಹಲ್ಲು ಕಚ್ಚಿಕೊಂಡೆ. ಅಪ್ಪನಿಗೆ ತಡೆಯಲಾಗಲಿಲ್ಲ. "ಅದು ಬಿಸ್ಲು..." ಎಂದು ಶುರುಮಾಡಿದ. ಅವನ ಹೆಗಲ ಮೇಲೆ ಕೈಯಿಟ್ಟು, "ತಾಳಪ್ಪ, ಅವಳು ಹೇಳ್ತಾಳೆ," ಎಂದೆ. ಹೇಳದೇ ಹೋದರೆ ಇವತ್ತೇ ಕರೆದುಕೊಂಡು ಹೋಗುತ್ತಾನೆಂದು ನನಗೆ ಗೊತ್ತಿತ್ತು.

"ಬಿಸ್ಲಲ್ಲಿ ಬೇರು ಕೊಡೋ ನೀರಿಗಿಂತ ಎಲೆಯಿಂದ ಹೋಗೋ ನೀರೇ ಜಾಸ್ತಿ ಸಾರ್," ಎಂದಳು, ನೆಲ ನೋಡುತ್ತಾ. "ಬಿಸ್ಲು ಇಳಿದ್ಮೇಲೆ ಎಲೆ ಕಳ್ಕೊಳ್ಳೋದು ಕಮ್ಮಿ. ಬೇರು ಮತ್ತೆ ತುಂಬಿಸ್ತದೆ."

ಅಪ್ಪ ಮಗಳನ್ನೇ ನೋಡಿದ. ಮನೆಯಲ್ಲಿ ಇಷ್ಟುದ್ದ ಮಾತನ್ನು ಅವಳ ಬಾಯಿಂದ ಅವನೂ ಕೇಳಿರಲಿಲ್ಲವೇನೋ.

"ಇಲ್ಲೇನ್ ನಿಂತಿದ್ದೀಯ?" ಎಂದ. "ಹೋಗಮ್ಮ, ಕ್ಲಾಸ್ ತಪ್ಪಿಸ್ಕೋಬೇಡ."