ಸುಟ್ಟದ್ದು ಮತ್ತೆ ಸುಡುವುದಿಲ್ಲ

ಸೊಲ್ಲಾಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಅಪ್ಪ ಅಂಗಡಿಯಿಂದಲೇ ಹೊರಗೆ ಹಾಕುತ್ತಿದ್ದರು. ಕರಜಗಿಯ ನನ್ನ ಸೋದರಮಾವನದು ಬೇರೆಯೇ ರೀತಿ. ಜೋಳದ ರಾಶಿ ಮುಗಿದ ಮೇಲೆ ಒಂದು ಸಂಜೆ ಹೊಲದ ಬದುವಿನ ಒಣಹುಲ್ಲಿಗೆ ತಾನೇ ಬೆಂಕಿ ಇಟ್ಟು, ನೀರು ಚಿಮುಕಿಸಿ ಕೈಮುಗಿದು, "ಬಂಡಿದಾರಿ ದಾಟಬ್ಯಾಡವ್ವ ತಾಯಿ, ಆಚಿಕಡಿ ನಮ್ಮ ಬಣವಿ ಐತಿ" ಎಂದು ಹೇಳಿ ಊಟಕ್ಕೆ ಹೋಗಿಬಿಡುತ್ತಿದ್ದ. ಮಿಕ್ಕದ್ದು ಇಬ್ಬನಿಯ ಕೆಲಸ. ನಾನು ಚಿಕ್ಕವನಿದ್ದಾಗೆಲ್ಲ ಬೆಂಕಿ ಹೇಳಿದ ಮಾತು ಕೇಳುತ್ತಿತ್ತು. ನಾನು ಅಷ್ಟು ಕೇಳುತ್ತಿರಲಿಲ್ಲ.

ಹೋದ ಬೇಸಿಗೆ ನಾನೂ ಅಲ್ಲಿದ್ದೆ. ಈಚೆಗೆ ಅಕಾಲದ ಮಳೆಗೆ ಹುಲ್ಲು ಎದೆಮಟ್ಟ ಬೆಳೆದು, ಬಿಸಿಲಿಗೆ ಹಪ್ಪಳವಾಗುತ್ತದೆ. ಹೊತ್ತು ಮುಳುಗಿದರೂ ನೆಲದ ಕಾವು ಇಳಿಯುವುದಿಲ್ಲ.

"ಇಬ್ಬನಿನೇ ಬೀಳವಲ್ದು. ಬ್ಯಾಡ್ರಿ" ಎಂದಳು ಅತ್ತೆ, ಮಾವ ಬೆಂಕಿಪೆಟ್ಟಿಗೆ ಎತ್ತಿಕೊಂಡಾಗ.

"ಬರ್ತದ. ಸ್ವಲ್ಪ ತಡಾ ಆಗೇದ" ಎಂದ ಮಾವ, ಅಕ್ಕಲಕೋಟದ ಎಸ್‌ಟಿ ಬಸ್ಸಿನ ಬಗ್ಗೆ ಹೇಳುವ ಹಾಗೆ.

ನಾವು ಊಟಕ್ಕೆ ಕೂತಾಗಲೇ ಬೆಂಕಿ ಬಂಡಿದಾರಿ ದಾಟಿತು. ಬಣವೆ ಎಂದರೆ ಎರಡು ಎತ್ತುಗಳ ವರ್ಷದ ಮೇವು. ಎಲ್ಲರೂ ಓಡಿದೆವು. ಮಾವ ಹಸಿ ಬೇವಿನ ಟೊಂಗೆಯಿಂದ ಉರಿ ಬಡಿಯುತ್ತ, "ಇಷ್ಟ ವರ್ಸದ ಮಾತ ಮರತೇನು?" ಎಂದು ಬೈಯುತ್ತಿದ್ದ. ಆಮೇಲೆ ಅವನಿಗೇ ಒಂದು ಯುಕ್ತಿ ಹೊಳೆಯಿತು.

"ಸುಟ್ಟದ್ದು ಮತ್ತ ಸುಡೂದಿಲ್ಲ. ಮೇವು ಸುಟ್ಟ ಬದುವಿಗೆ ಒಯ್ರಿ."

ಊರವರೆಲ್ಲ ಸೇರಿ ಬಣವೆ ಬಿಚ್ಚಿ, ಜೋಳದ ದಂಟಿನ ಸಿವುಡುಗಳನ್ನು ಕಟ್ಟುಕಟ್ಟಾಗಿ ಹೊತ್ತು, ಉರಿಯನ್ನು ಸುತ್ತುಹಾಕಿ, ಕರ್ರಗಾದ ಬದುವಿನ ಮೇಲೆ ಒಟ್ಟಿದೆವು. ಇಂಥ ಬುದ್ಧಿವಂತಿಕೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಗಾಳಿ ತಿರುಗಿತು. ಬೆಂಕಿ ತಾನು ತಿಂದ ಕಡೆಗೇ ಮರಳಿ, ತಿನ್ನಲು ಏನೂ ಸಿಗದೆ, ಬಣವೆಯ ಖಾಲಿ ಜಾಗದಿಂದ ಮಾರು ದೂರದಲ್ಲೇ ಸತ್ತಿತು. ನಾವು ನಕ್ಕೆವು. ಅತ್ತೆ ಚಹಾ ತಂದಳು. ಕುಡಿಯುತ್ತಿರುವಾಗಲೇ ಬೆನ್ನ ಹಿಂದೆ ಚಟಚಟ ಸದ್ದಾಯಿತು. ಸುಟ್ಟ ಬದುವಿನೊಳಗೆ ಬೇರುಗಳು ಇನ್ನೂ ಕೆಂಡವಾಗಿದ್ದವು. ಹಿಂದೆಲ್ಲ ಅವನ್ನು ಆರಿಸುತ್ತಿದ್ದುದು ಇಬ್ಬನಿ. ನಾವು ಮೇವನ್ನು ಬೆವರು ಸುರಿಸಿ ಹೊತ್ತು ತಂದು, ಬೆಂಕಿಯ ಬಾಯಿಗೇ ಇಟ್ಟಿದ್ದೆವು.

ಬೆಳಿಗ್ಗೆ ಎತ್ತುಗಳು ರೂಢಿಯಂತೆ ಬಣವೆಯ ಜಾಗಕ್ಕೆ ಬಂದು ನಿಂತವು. ಬೆಂಕಿ ಮುಟ್ಟದ ಆ ನೆಲ ಗುಡಿಸಿಟ್ಟಂತೆ ಚೊಕ್ಕಟವಾಗಿತ್ತು. ನನಗೆ ಮೊದಲು ನಗು ಬಂತು, ಹಿಂದೆಯೇ ಅಳು. ಮಾವ ತಾನು ಬೆಂಕಿ ಬಡಿದಿದ್ದ ಬೇವಿನ ಟೊಂಗೆಯನ್ನು ಅವುಗಳ ಮುಂದೆ ಹಾಕಿದ. ಒಂದು ಎತ್ತು ಅದನ್ನು ಮೂಸಿ, ತಲೆ ಎತ್ತಿ ಅವನ ಮುಖ ನೋಡಿತು.