ಅಕ್ಬರಿ ಬೇಗಂ ಬೆಟ್ಟ ಹತ್ತಿದ್ದು

ರಾಮನಗರದ ಆ ಓಣಿಗೆ ಸೊಸೆಯಾಗಿ ಬಂದ ಮೇಲೆ ಅಕ್ಬರಿ ಬೇಗಂ ಬೆಟ್ಟವನ್ನು ನೋಡುತ್ತಿದ್ದುದು ಹಿತ್ತಿಲ ಬಾಗಿಲಿನಿಂದ ಮಾತ್ರ. ಅದೂ ಬಾಣಲೆಯ ಆವಿಯ ಆಚೆಗೆ. ಬೆಳಗಾದರೆ ಕುದಿನೀರಿನ ಮುಂದೆ ಕೂರಬೇಕು, ರೇಷ್ಮೆಗೂಡಿನ ಎಳೆ ಹಿಡಿದು ಚರಕಕ್ಕೆ ಕೊಡಬೇಕು. ಗೂಡನ್ನು ಕೂಡಿಡುವಂತಿಲ್ಲ, ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದರೆ ನೂಲು ಹೋಯಿತು. ಹಬ್ಬಕ್ಕೆ ತವರಿಗೆ ಹೋಗಲೂ ಗೂಡಿನ ಅಪ್ಪಣೆಯಾಗಬೇಕಿತ್ತು. ಗಂಡ ರಸೂಲ್ ಕೆಟ್ಟವನಲ್ಲ. ಅವನಿಗೂ ಮಾರುಕಟ್ಟೆ ಬಿಟ್ಟರೆ ಒಲೆ, ಒಲೆ ಬಿಟ್ಟರೆ ಮಾರುಕಟ್ಟೆ.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಮೈದುನ ಗೌಸ್ ಬೆಟ್ಟದಿಂದ ಹಳದಿ ಕೊರಳಿನ ಪಿಕಳಾರವೊಂದನ್ನು ಹಿಡಿದು ತಂದ. ಊರ ಬೇಲಿಯಲ್ಲಿ ಕೂಗುವ ಜುಟ್ಟಿನ ಪಿಕಳಾರವಲ್ಲ. ಬಂಡೆಗಳ ನಡುವಿನ ಕುರುಚಲಿನಲ್ಲಿ ಬಾಳುವ ನಾಚಿಕೆಯ ಹಕ್ಕಿ. ಅತ್ತಿಗೆಗೆ ಹಾಡು ಕೇಳಿಸಲೆಂದು ಪಂಜರವನ್ನು ಬಾಣಲೆಯ ಪಕ್ಕದ ಗಳಕ್ಕೇ ತೂಗುಹಾಕಿದ.

ಹಕ್ಕಿ ಹಾಡಲಿಲ್ಲ. ಹೊಗೆಗೆ ಕೊಕ್ಕು ತೆರೆದು ಏದುಸಿರು ಬಿಟ್ಟಿತು. ಕೋಳಿಗಳು ಮುಗಿಬಿದ್ದು ತಿನ್ನುವ ಬೆಂದ ಹುಳುವನ್ನು ಅಕ್ಬರಿ ಪ್ರೀತಿಯಿಂದ ಅದರ ಮುಂದಿಟ್ಟಳು. ಮುಟ್ಟಲಿಲ್ಲ.

"ಬಿಟ್ಟುಬಿಡೋಣ ಗೌಸ್, ಸತ್ತುಹೋಗ್ತದೆ."

"ಈ ಮನೆಗೆ ಹೊಸದಾಗಿ ಬಂದೋರು ಮೊದಲ ದಿನ ಯಾರು ಉಂಡಿದ್ದಾರೆ ಭಾಬಿ? ನೀವು ಉಂಡಿದ್ರಾ?" ಎಂದು ನಕ್ಕು ಅವನು ಚಹಾ ಕುಡಿಯಲು ಹೋದ.

ಮರುದಿನ ಹಕ್ಕಿ ಪಂಜರದ ತಳಕ್ಕೆ ಇಳಿದು ಮುದುಡಿ ಕುಳಿತಿತು. ಸೌದೆ ಮಾರುವ ಮಾರಕ್ಕ ಹೊರೆ ಇಳಿಸಿ ನೋಡಿದಳು. "ಇದು ಬಂಡೆ ಹಕ್ಕಿ ಕಣಮ್ಮ. ಇಲ್ಲೇ ಬುಟ್ರೆ ಬೆಕ್ಕಿನ ಬಾಯಿಗೆ. ಇದರ ಜಾಗಕ್ಕೇ ಬುಡಬೇಕು."

"ನೀನೇ ತಗೊಂಡು ಹೋಗು ಮಾರಕ್ಕ."

"ಅಯ್ಯೋ, ನಾನೊಲ್ಲೆ! ನಿಮ್ ಮೈದುನ ನಾಳಿಂದ ನನ್ ಸೌದೆ ಬ್ಯಾಡ ಅಂದ್ರೆ? ನೀವೇ ಬನ್ನಿ, ದಾರಿ ತೋರುಸ್ತೀನಿ."

"ಬಾಣಲೇಲಿ ಗೂಡು ಬೇಯ್ತಿದೆ."

"ಹಂಗಾರೆ ಹಕ್ಕೀನೂ ಬೇಯ್ಲಿ ಬುಡಿ," ಎಂದು ಮಾರಕ್ಕ ಸಿಂಬೆ ಕೊಡವಿ ಎದ್ದಳು.

ಅಕ್ಬರಿ ಒಲೆಯಿಂದ ಕೊಳ್ಳಿಗಳನ್ನು ಈಚೆಗೆಳೆದಳು. ಪಂಜರವನ್ನು ಬುರ್ಖಾದೊಳಗೆ ಅವಿಸಿಟ್ಟುಕೊಂಡು ಮಾರಕ್ಕನ ಹಿಂದೆ ನಡೆದೇಬಿಟ್ಟಳು.

ಬಂಡೆ ಕಾದ ಹೆಂಚಿನಂತಿತ್ತು. ಮೇಲೆ ಗೋಣಿಮರದ ಬುಡದಲ್ಲಿ ಪಂಜರದ ಬಾಗಿಲು ತೆಗೆದರೂ ಹಕ್ಕಿ ಅಲುಗಲಿಲ್ಲ. ಮಾರಕ್ಕ ಮರದಡಿ ಉದುರಿದ್ದ ಹಣ್ಣೊಂದನ್ನು ಹಿಸುಕಿ ಮುಂದಿಟ್ಟಳು. ಬಹಳ ಹೊತ್ತಿನ ಮೇಲೆ ಒಮ್ಮೆ ಕುಕ್ಕಿತು, ಮತ್ತೆ ಕುಕ್ಕಿತು. ಬಂಡೆಯಾಚೆ ಇನ್ನೊಂದು ಪಿಕಳಾರ ಕೂಗಿದ್ದೇ ತಡ, ಇದು ತಡವರಿಸುತ್ತ ಹಾರಿ ಕುರುಚಲಿನೊಳಗೆ ಮರೆಯಾಯಿತು. ಅಕ್ಬರಿ ಒಂದು ಗಳಿಗೆ ಅಲ್ಲೇ ಕುಳಿತಳು. ಆಮೇಲೆ ಗೂಡು ನೆನಪಾಗಿ ಎದ್ದಳು.

ಮನೆಯಲ್ಲಿ ರಸೂಲ್ ಬಾಣಲೆಯ ಮುಂದಿದ್ದ. ಗೂಡೆಲ್ಲ ಮುದ್ದೆಯಾಗಿ ಎಳೆ ಸಿಗುತ್ತಿರಲಿಲ್ಲ. ಆಕೆಯ ಕೈಯಲ್ಲಿದ್ದ ಖಾಲಿ ಪಂಜರವನ್ನು ನೋಡಿದ. ಆಕೆ ಪಕ್ಕದಲ್ಲಿ ಕುಳಿತು ನೀರಿಗೆ ಕೈ ಹಾಕಿದಳು.

"ಬೆಟ್ಟ ಹತ್ತಿದೆಯಾ? ನಾನು ಹತ್ತಿಯೇ ಇಲ್ಲ ನೋಡು," ಎಂದ ಆಕೆಯ ಕಾಲಿನ ಧೂಳು ನೋಡಿ. "ಮೇಲಿಂದ ನಮ್ಮನೆ ಕಾಣ್ತದಾ?"

"ಹೊಗೆ ಕಾಣ್ತದೆ. ಯಾರ ಮನೇದು ಅಂತ ಗೊತ್ತಾಗಲ್ಲ."

ರಸೂಲ್ ಒಲೆಗೆ ಕೊಳ್ಳಿ ನೂಕಿದ.